ಹುಲಿಯನನ್ನು ಬದುಕಿಸಬಹುದೆ?

ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಗುತ್ತಿಯ ನಾಯಿ ಹುಲಿಯನ ಪರಿಚಯ ಹೇಳಬೇಕಾಗಿಲ್ಲ. ಓದದವರಿಗೆ ಇಷ್ಟು ಸಾಕು: ಜೀತದಾಳು ಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ, ಕಾದಂಬರಿಯುದ್ದಕ್ಕೂ ಅವನ ಬೆನ್ನು ಬಿಡದ ಹುಲಿಯ ಕೊನೆಗೆ ಮಳೆಗಾಲದ ತುಂಗೆಯಲ್ಲಿ ಕೊಚ್ಚಿ ಹೋಗುತ್ತದೆ.

ನಾನು ಫ್ಯಾನ್ ಫಿಕ್ಷನ್ ಬರೆಯುತ್ತೇನೆ. ಬೇರೆಯವರ ಪಾತ್ರಗಳನ್ನು ಎತ್ತಿಕೊಂಡು, ಅವರು ನಿಲ್ಲಿಸಿದ ಕಡೆಯಿಂದ ಮುಂದೆ ನಡೆಸುವ ಕೆಲಸ. ಹುಲಿಯನನ್ನು ಬದುಕಿಸಬೇಕೆಂದು ನಾಲ್ಕು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ.

ಇದು ಕದ್ದ ಕೆಲಸವಲ್ಲವೆ ಎಂದು ಗೆಳತಿಯೊಬ್ಬಳು ಕೇಳಿದಳು. ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಕೊಟ್ಟ, ಅವನನ್ನು ಯಾರು ಕಳ್ಳ ಅಂದರು ಎಂದು ವಾದಿಸಿದೆ. ಸ್ವತಃ ಕುವೆಂಪು 'ಶೂದ್ರ ತಪಸ್ವಿ'ಯಲ್ಲಿ ಶಂಬೂಕನನ್ನು ರಾಮನ ಬಾಣದಿಂದ ಉಳಿಸಿದರು. ಹಳೆಯ ಕಥೆಯನ್ನು ಹೀಗೆ ತಿರುಗಿಸಬಹುದೆ ಎಂದು ಮಾಸ್ತಿ ಆಕ್ಷೇಪಿಸಿದಾಗ ಉತ್ತರವನ್ನೂ ಕೊಟ್ಟರು. ಆದರೆ ನನ್ನ ವಾದ ನನಗೇ ಪೂರ್ತಿ ಒಪ್ಪಿಗೆಯಾಗಲಿಲ್ಲ. ರಾಮಾಯಣ ಊರಬಾವಿಯಿದ್ದಂತೆ, ಕೊಡ ತಂದವರೆಲ್ಲ ಸೇದಬಹುದು. 1967ರಲ್ಲಿ ಬಂದ ಕಾದಂಬರಿ ಹಾಗಲ್ಲ. ಕುವೆಂಪು ತೀರಿಕೊಂಡದ್ದು 1994ರಲ್ಲಿ. ಕಾನೂನಿನ ಪ್ರಕಾರ ಕೃತಿಸ್ವಾಮ್ಯ 2054ರ ಕೊನೆಯವರೆಗೂ ಇದೆ. ಅದಕ್ಕೇ ಎಲ್ಲೂ ಪ್ರಕಟಿಸದೆ ನೋಟ್‌ಬುಕ್ಕಿನಲ್ಲೇ ಇಟ್ಟಿದ್ದೇನೆ. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು. ನನ್ನನ್ನು ಕಾಡುವುದು ಬೇರೆ.

ಬರೆಯುವಾಗ ನನ್ನದೊಂದು ನೇಮವಿದೆ: ಮೂಲದಲ್ಲಿ ಒಂದೇ ಒಂದು ಸಂಗತಿಯನ್ನು ಬದಲಿಸಬೇಕು, ಉಳಿದದ್ದನ್ನು ಮುಟ್ಟಬಾರದು. ಮೊದಲ ಕರಡಿನಲ್ಲಿ ಹುಲಿಯ ಕೆಳಗೆಲ್ಲೋ ದಡ ಹತ್ತಿ, ರಾತ್ರಿಯೊಳಗೆ ಗುತ್ತಿಯನ್ನು ಹುಡುಕಿಕೊಂಡು ಬಂತು. ಬರೆದು ಅತ್ತೆ. ಮಾರನೆಯ ದಿನ ಓದಿದರೆ ಸಪ್ಪೆ. ನಾಯಿ ಬಂದೊಡನೆ ಗುತ್ತಿ ಸಣ್ಣವನಾಗಿಬಿಟ್ಟಿದ್ದ. ಅವನು ಹೊಳೆ ದಾಟಿದ್ದಕ್ಕೆ ಏನನ್ನೂ ತೆತ್ತಂತಿರಲಿಲ್ಲ. ನಾಯಿಯನ್ನು ಉಳಿಸಲು ಹೋಗಿ ಮನುಷ್ಯನ ದುಃಖವನ್ನೇ ಕಸಿದುಕೊಂಡಿದ್ದೆ.

ಎರಡನೆಯದರಲ್ಲಿ ಹುಲಿಯನನ್ನು ಹಿಂದಿನ ದಡಕ್ಕೇ ಹತ್ತಿಸಿದೆ. ನಾಯಿ ಬದುಕಿದೆ, ಗುತ್ತಿಗೆ ಗೊತ್ತಿಲ್ಲ. ಕಾದಂಬರಿಯ ಒಂದಕ್ಷರವೂ ಕದಲುವುದಿಲ್ಲ! ಆ ಜಾಣತನಕ್ಕೆ ಒಂದು ವಾರ ಬೀಗಿದೆ. ಆ ದಡದಲ್ಲಿ ಯಾರೋ ಒಬ್ಬ ಮುದುಕಿ ದಿನಾ ಅನ್ನ ಹಾಕುತ್ತಾಳೆ ಎಂದು ಬರೆದು ಮುಗಿಸಿದ್ದೆ.

ಆ ಮುದುಕಿಯ ಸಾಲನ್ನು ಮತ್ತೆ ಓದುವಾಗ ಕೈ ನಿಂತಿತು. ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ನನಗೆ ಹನ್ನೊಂದು ವರ್ಷವಾದಾಗ ನಾವು ಹಳ್ಳಿಯ ಮನೆ ಬಿಟ್ಟು ಶಿವಮೊಗ್ಗಕ್ಕೆ ಬಂದೆವು. ಬಾಡಿಗೆ ಮನೆಗೆ ನಾಯಿ ಬೇಡವೆಂದು ಕರಿಯನನ್ನು ಅಲ್ಲೇ ಬಿಟ್ಟೆವು. ಲಾರಿಯ ಹಿಂದೆ ಸೇತುವೆಯವರೆಗೂ ಓಡಿಬಂತು. ನಾನು ಅಳುತ್ತಿದ್ದಾಗ ಅಪ್ಪಯ್ಯ ಹೇಳಿದ್ದು ಇದನ್ನೇ: "ಪಕ್ಕದ ಮನೆ ಅಜ್ಜಿ ಅನ್ನ ಹಾಕ್ತಾರೆ, ಸುಮ್ನಿರು." ಅಜ್ಜಿ ಅನ್ನ ಹಾಕಿದರೋ ಇಲ್ಲವೋ ನಾನು ಕೇಳಲಿಲ್ಲ. ದೊಡ್ಡವನಾದ ಮೇಲೆ ಎಷ್ಟೋ ಸಲ ಊರಿಗೆ ಹೋಗಿದ್ದೇನೆ, ಆಗಲೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅಜ್ಜಿಯಿಲ್ಲ.

ಅಪ್ಪಯ್ಯ ಹೇಳಿದ್ದು ಸುಳ್ಳೋ, ಕರುಣೆಯೋ? ಎರಡೂ ಇರಬಹುದು. ಆದರೆ ಅದರಿಂದ ಸಮಾಧಾನವಾದದ್ದು ನನಗೆ, ನಾಯಿಗಲ್ಲ. ಹುಲಿಯನನ್ನು ಬದುಕಿಸಿದ ನನ್ನ ಕಥೆಯೂ ಅದೇ ಜಾತಿಯದೇನೋ. ಕುವೆಂಪು ಹಾಗೆ ಯಾರನ್ನೂ ಸುಮ್ಮನಿರಿಸಲು ಹೋಗಲಿಲ್ಲ; ಹೊಳೆ ಏನು ಮಾಡುತ್ತದೋ ಅದನ್ನೇ ಮಾಡಲು ಬಿಟ್ಟರು. ಅದನ್ನು ನಿರ್ದಯ ಎಂದು ಬಹಳ ಕಾಲ ಬಗೆದಿದ್ದೆ.

ಆದರೂ ಬರೆಯುವುದನ್ನು ಬಿಟ್ಟಿಲ್ಲ. ಮೂರನೆಯ ಕರಡಿನಲ್ಲಿ ಮುದುಕಿಯನ್ನು ಹೊಡೆದುಹಾಕಿದ್ದೇನೆ. ಹುಲಿಯ ದಡದ ಮೇಲೆ ಮೈ ಕೊಡವಿಕೊಂಡು ನಿಂತಿದೆ. ಮಳೆ ಹೊಯ್ಯುತ್ತಿದೆ. ರಾತ್ರಿಗೆ ಅದು ಏನು ತಿನ್ನುತ್ತದೆ ಎಂದು ಇನ್ನೂ ಬರೆದಿಲ್ಲ.