ಹೋದ ಪುಟ್ಟ, ಬಂದ ಪುಟ್ಟ

ಇಷ್ಟು ಅಲ್ಪಾಕ್ಷರಗಳಲ್ಲಿ ಇಷ್ಟು ದೊಡ್ಡ ವ್ಯರ್ಥತೆಯನ್ನು ಹಿಡಿದಿಟ್ಟಿರುವ ಗಾದೆ ಕನ್ನಡದಲ್ಲಿ ಇನ್ನೊಂದಿರಲಾರದು: ಹೋದ ಪುಟ್ಟ, ಬಂದ ಪುಟ್ಟ. ತಾಲ್ಲೂಕು ಕಚೇರಿಗೆ ಹೋಗಿ ಪಹಣಿ ಪಡೆಯದೆ ಹಿಂದಿರುಗಿದವನಿಗೂ, ಸಂತೆಗೆ ಹೋಗಿ ಉಪ್ಪನ್ನೇ ಮರೆತು ಬಂದವನಿಗೂ, ಹೆಣ್ಣು ನೋಡಲು ಹೋಗಿ ಉಪ್ಪಿಟ್ಟು ತಿಂದು ಕೈತೊಳೆದು ಬಂದವನಿಗೂ ನಮ್ಮ ಕಡೆಯ ಹೆಂಗಸರು ಯಾವ ಭೇದವನ್ನೂ ಎಣಿಸದೆ ಈ ಬಿರುದನ್ನು ದಯಪಾಲಿಸುತ್ತಾರೆ. ಗಾದೆಯ ಹಿಂದೊಂದು ಕಥೆಯನ್ನು ಹೇಳುವುದೂ ಉಂಟು. ನಾಳೆ ಪುಟ್ಟನನ್ನು ಇಂಥ ಊರಿಗೆ ಕಳುಹಿಸಬೇಕು ಎಂದು ಯಜಮಾನನು ರಾತ್ರಿ ಮನೆಯವರೊಡನೆ ಆಡಿದ ಮಾತು ಪುಟ್ಟನ ಕಿವಿಗೆ ಬಿದ್ದಿತು. ಅವನು ಕೋಳಿ ಕೂಗುವುದಕ್ಕೆ ಮುಂಚೆಯೇ ಎದ್ದು, ಯಾರನ್ನೂ ಏನನ್ನೂ ಕೇಳದೆ, ಆ ಊರಿಗೆ ನಡೆದು, ಊರನ್ನು ಮುಟ್ಟಿ, ಹೊತ್ತು ಏರುವುದರೊಳಗೆ ಹಿಂದಿರುಗಿ, ಯಜಮಾನನ ಮುಂದೆ ಕೈಕಟ್ಟಿ ನಿಂತು ‘ಹೋಗಿಬಂದೆ ಸ್ವಾಮಿ’ ಎಂದನಂತೆ.

ಕಥೆಯನ್ನು ಕೇಳಿ ನಕ್ಕು ಸುಮ್ಮನಾಗುವವರು ಪುಟ್ಟನ ಸದ್ಗುಣಗಳನ್ನು ಗಮನಿಸುವುದಿಲ್ಲ. ಅವನು ಸೋಮಾರಿಯಲ್ಲ, ಹೇಳಿಸಿಕೊಳ್ಳುವುದಕ್ಕೆ ಮೊದಲೇ ಎದ್ದವನು. ಅವನು ಸುಳ್ಳುಗಾರನಲ್ಲ, ಹೋದೆನೆಂದದ್ದೂ ನಿಜ, ಬಂದೆನೆಂದದ್ದೂ ನಿಜ. ವಿಧೇಯತೆ, ಉತ್ಸಾಹ, ದೇಹಶ್ರಮಕ್ಕೆ ಹಿಂಜರಿಯದ ಮನಸ್ಸು ಇವೆಲ್ಲವೂ ಅವನಲ್ಲಿ ಇದ್ದುವು. ಇಲ್ಲದಿದ್ದುದು ಒಂದೇ: ಹೋಗಿ ಮಾಡತಕ್ಕುದೇನು ಎಂಬ ಪ್ರಶ್ನೆ. ಗಾದೆಯು ಸೋಮಾರಿಯನ್ನು ಕುರಿತದ್ದಾಗಿದ್ದರೆ ಅದಕ್ಕೆ ವ್ಯಾಖ್ಯಾನವೇ ಬೇಕಾಗಿರಲಿಲ್ಲ. ಅದು ಉತ್ಸಾಹಿಯನ್ನು ಕುರಿತದ್ದಾದ್ದರಿಂದಲೇ ವಿಚಾರಕ್ಕೆ ಯೋಗ್ಯವಾಗಿದೆ.

ಇದನ್ನು ಈಚೆಗೆ ನಾನು ಕೇಳಿದ್ದು ಭದ್ರಾವತಿಯ ಒಬ್ಬ ಅಜ್ಜಿಯ ಬಾಯಿಂದ. ಅವರ ಮಾವನವರು ಕಬ್ಬಿಣದ ಕಾರ್ಖಾನೆಯ ಕೆಲಸಕ್ಕೆಂದು ಮದರಾಸು ಸೀಮೆಯಿಂದ ಬಂದು ಭದ್ರೆಯ ದಡದಲ್ಲಿ ಬೇರೂರಿದ ಕ್ರೈಸ್ತರು. ಮನೆಯೊಳಗೆ ತಮಿಳು, ಬೀದಿಯಲ್ಲಿ ಕನ್ನಡ, ಭಾನುವಾರದ ಆರಾಧನೆಯಲ್ಲಿ ಎರಡೂ. ಮೊಮ್ಮಗ ಅಮೆರಿಕದಲ್ಲಿ ಉದ್ಯೋಗದಲ್ಲಿದ್ದಾನೆ. ಅಲ್ಲಿಯ ಅವನ ಸಭೆಯವರು ಬೇಸಗೆಯಲ್ಲಿ ತಂಡ ಕಟ್ಟಿಕೊಂಡು ಮಧ್ಯ ಅಮೆರಿಕದ ಬಡ ದೇಶವೊಂದಕ್ಕೆ ಹತ್ತು ದಿನಗಳ ಮಿಷನ್ ಯಾತ್ರೆ ಹೋಗಿ, ಮನೆಯೊಂದನ್ನು ಕಟ್ಟಿಕೊಟ್ಟು, ಹಾಡಿ, ಪ್ರಾರ್ಥಿಸಿ, ಹಿಂದಿರುಗುತ್ತಾರೆ. ಕ್ರಿಸ್ಮಸ್ಸಿಗೆ ಊರಿಗೆ ಬಂದಿದ್ದ ಹುಡುಗ ಅದನ್ನೆಲ್ಲ ಫೋಟೋ ಸಮೇತ ವರ್ಣಿಸುತ್ತಿದ್ದಾಗ ಅಜ್ಜಿ ನಡುವೆ ಬಾಯಿ ಹಾಕಿದರು. ‘ಅಲ್ಲಿ ಗಾರೆ ಕೆಲಸದವರು ಇಲ್ಲವೇನಪ್ಪಾ?’

‘ಇದ್ದಾರೆ ಅಜ್ಜಿ.’

‘ಮತ್ತೆ ನೀನು ಕಂಪ್ಯೂಟರಿನವನು. ಗೋಡೆ ಎಬ್ಬಿಸೋಕೆ ನಿನಗೇನು ಬರತ್ತೆ?’

‘ಪ್ರೀತಿಯಿಂದ ಮಾಡ್ತೀವಿ ಅಜ್ಜಿ.’

‘ಹೋದ ಪುಟ್ಟ, ಬಂದ ಪುಟ್ಟ’ ಎಂದು ಅವರು ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಹುಡುಗನ ಮುಖ ಬಾಡಿತು. ತೀರ್ಪೇನೋ ನ್ಯಾಯವಾದದ್ದೇ, ಆದರೆ ಅವನ ಸದುದ್ದೇಶಕ್ಕೆ ಇನ್ನಷ್ಟು ವಿವರಣೆಯನ್ನು ಪಡೆಯುವ ಹಕ್ಕು ಇತ್ತೆಂದು ನನಗೆ ತೋರಿತು.

ಯಾತ್ರೆ ಅಲ್ಪಕಾಲದ್ದು ಎಂಬುದನ್ನೇ ಅದರ ದೋಷವೆಂದು ಎಣಿಸುವವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ, ಏಕೆಂದರೆ ಕ್ರೈಸ್ತರ ಧರ್ಮಗ್ರಂಥದಲ್ಲಿಯೇ ಅಲ್ಪಕಾಲದ ಮಿಷನ್ ಯಾತ್ರೆಯೊಂದರ ವೃತ್ತಾಂತವಿದೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸುವು ಎಪ್ಪತ್ತು ಮಂದಿಯನ್ನು, ಕೆಲವು ಪ್ರಾಚೀನ ಪ್ರತಿಗಳ ಪ್ರಕಾರ ಎಪ್ಪತ್ತೆರಡು ಮಂದಿಯನ್ನು, ಇಬ್ಬಿಬ್ಬರಾಗಿ ಊರೂರಿಗೆ ಕಳುಹಿಸುತ್ತಾನೆ. ಅವರು ಹೋಗುತ್ತಾರೆ, ಬರುತ್ತಾರೆ. ಮಧ್ಯೆ ಬಹಳ ಕಾಲ ಸಂದಂತೆ ಕಾಣುವುದಿಲ್ಲ. ಆದರೆ ಹೊರಡುವ ಮುನ್ನ ಅವರಿಗೆ ವಿಧಿಸಿದ ನಿಯಮಗಳನ್ನು ನೋಡಬೇಕು: ಹಣದ ಚೀಲ ಕೂಡದು, ಜೋಳಿಗೆ ಕೂಡದು, ಕಾಲಿಗೆ ಕೆರವೂ ಕೂಡದು, ಹೊಕ್ಕ ಮನೆಯಲ್ಲಿಯೇ ಇರತಕ್ಕದ್ದು, ಮನೆಯಿಂದ ಮನೆಗೆ ದಾಟತಕ್ಕದ್ದಲ್ಲ, ಬಡಿಸಿದ್ದನ್ನು ಉಣ್ಣತಕ್ಕದ್ದು. ಅರ್ಥಾತ್, ಹೋದವನು ದಾತಾರನಾಗಿ ಹೋಗುವಂತಿಲ್ಲ, ಅತಿಥಿಯಾಗಿ, ಬಹುಮಟ್ಟಿಗೆ ಭಿಕ್ಷುಕನಾಗಿ ಹೋಗಬೇಕು. ಆ ರಾತ್ರಿಯ ಅನ್ನಕ್ಕೆ ಆ ಊರಿನವನ ಔದಾರ್ಯವನ್ನೇ ನಂಬಬೇಕು. ಇಂದಿನ ತಂಡಗಳು ತುಂಬಿದ ಪೆಟ್ಟಿಗೆಗಳೊಡನೆ, ಒಂದೇ ಬಣ್ಣದ ಅಂಗಿಗಳನ್ನು ತೊಟ್ಟು, ತಮ್ಮ ಕುಡಿಯುವ ನೀರನ್ನೂ ತಾವೇ ಹೊತ್ತು ಇಳಿಯುವುದನ್ನು ಈ ನಿಯಮಗಳ ಪಕ್ಕದಲ್ಲಿಟ್ಟು ನೋಡಿದರೆ ಅಂತರವು ತಾನೇ ತಿಳಿಯುತ್ತದೆ. ಅದೇ ಅಧ್ಯಾಯದ ಇನ್ನೊಂದು ಸೂಕ್ಷ್ಮ: ಹಿಂದಿರುಗಿದ ಎಪ್ಪತ್ತು ಮಂದಿ ಭೂತಗಳೂ ತಮಗೆ ಮಣಿದುವೆಂದು ಹಿಗ್ಗಿನಿಂದ ವರದಿ ಒಪ್ಪಿಸಿದಾಗ, ಆ ಸಾಧನೆಗಾಗಿ ಹಿಗ್ಗಬೇಡಿರೆಂದೇ ಅವರಿಗೆ ಉತ್ತರ ದೊರೆಯುತ್ತದೆ. ಯಾತ್ರೆಯಿಂದ ಬಂದವರು ಸಭೆಯ ಮುಂದೆ ಫೋಟೋ ತೋರಿಸುವ ಭಾನುವಾರ ಈ ಭಾಗವನ್ನು ಓದುವ ಪದ್ಧತಿ ಎಲ್ಲಿಯಾದರೂ ಇದೆಯೋ ಏನೋ!

ಹುಡುಗನ ಯಾತ್ರೆಗೆ ಬಹು ಸಮೀಪವಾದ ಒಂದು ವಿಮರ್ಶೆ ಈಗಾಗಲೇ ನಡೆದಿದೆ. 1998ರಲ್ಲಿ ಮಿಚ್ ಎಂಬ ಚಂಡಮಾರುತವು ಮಧ್ಯ ಅಮೆರಿಕದ ಹೊಂಡುರಾಸ್ ದೇಶವನ್ನು ಹಾಳುಗೆಡವಿದ ತರುವಾಯ ಉತ್ತರ ಅಮೆರಿಕದ ಚರ್ಚುಗಳಿಂದ ಜನ ಗುಂಪುಗುಂಪಾಗಿ ಮನೆ ಕಟ್ಟಲು ಹೋದರು. ಆ ದೇಶದಲ್ಲಿಯೇ ನೆಲಸಿದ್ದ, ತಾವೂ ನಿಷ್ಠಾವಂತ ಕ್ರೈಸ್ತರಾದ ಕರ್ಟ್ ವರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಮನೆ ಪಡೆದವರನ್ನೂ ಕಟ್ಟಲು ಹೋದವರನ್ನೂ ವಿಚಾರಿಸಿದರು. ಹೊರಗಿನವರು ಕಟ್ಟಿದ ಮನೆಯಲ್ಲಿದ್ದವರಿಗೂ ಸ್ಥಳೀಯರು ಕಟ್ಟಿದ ಮನೆಯಲ್ಲಿದ್ದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹೋಗಿಬಂದವರ ದಾನಬುದ್ಧಿಯಲ್ಲಿ, ಪ್ರಾರ್ಥನೆಯಲ್ಲಿ ಬಾಳುವಂಥ ಮಾರ್ಪಾಟೂ ಅಲ್ಪವೇ. ವರ್ ಬೀಕ್ ಅವರ ಲೆಕ್ಕದ ಪ್ರಕಾರ, ಊರಿನ ಗಾರೆಯವರಿಂದ ಸುಮಾರು 2,000 ಡಾಲರಿನಲ್ಲಿ ಆಗುತ್ತಿದ್ದ ಮನೆಗಾಗಿ ಒಂದು ತಂಡ ಸುಮಾರು 30,000 ಡಾಲರುಗಳನ್ನು ವೆಚ್ಚಮಾಡುತ್ತಿತ್ತು. ಅಜ್ಜಿಯ ಪ್ರಶ್ನೆಯನ್ನೇ ಪಂಡಿತರೂ ಕೇಳಿದ್ದಾರೆ ಎಂದಾಯಿತು. ಅದಕ್ಕೂ ಹಿಂದೆ, 1968ರ ಏಪ್ರಿಲ್‌ನಲ್ಲಿ, ಐವನ್ ಇಲಿಚ್ ಎಂಬ ಪಾದ್ರಿಯು ಮೆಕ್ಸಿಕೋದ ಹಳ್ಳಿಗಳಿಗೆ ಬೇಸಗೆಯ ಸೇವೆಗೆಂದು ಹೊರಡುವ ಅಮೆರಿಕನ್ ವಿದ್ಯಾರ್ಥಿಗಳ ಸಮ್ಮೇಳನದಲ್ಲಿ ಎದ್ದುನಿಂತು, ನೋಡಲು ಬನ್ನಿ, ಕಲಿಯಲು ಬನ್ನಿ, ನಮ್ಮ ಬೆಟ್ಟಗಳನ್ನು ಹತ್ತಲು ಬನ್ನಿ, ಸಹಾಯ ಮಾಡಲು ಮಾತ್ರ ಬರಬೇಡಿ ಎಂಬ ಅಭಿಪ್ರಾಯವನ್ನು ಅತ್ಯಂತ ನಿಷ್ಠುರವಾದ ಮಾತುಗಳಲ್ಲಿ ಹೇಳಿದ್ದನು.

ಹೀಗೆ ಹೋಗಿಬರುವವರಿಗೆ ಪ್ರತಿಯಾಗಿ ನಮ್ಮಲ್ಲಿ ಸಾಮಾನ್ಯವಾಗಿ ಎತ್ತಿಹಿಡಿಯುವ ಹೆಸರುಗಳು ಬಂದು ನೆಲೆನಿಂತ ಬಾಸೆಲ್ ಮಿಷನ್ನಿನ ಪಾದ್ರಿಗಳವು. 1834ರ ಅಕ್ಟೋಬರಿನಲ್ಲಿ ಆ ಸಂಸ್ಥೆಯ ಮೂವರು ಮಂಗಳೂರಿಗೆ ಬಂದಿಳಿದರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದನು, 1850ರಲ್ಲಿ ದಾಸರ ಪದಗಳನ್ನು ಅಚ್ಚುಹಾಕಿಸಿದನು. 1853ರಲ್ಲಿ ಇಪ್ಪತ್ತೊಂದು ವರ್ಷದ ತರುಣನಾಗಿ ಬಂದ ಕಿಟ್ಟೆಲ್, ನಡುವೆ ಸ್ವದೇಶಕ್ಕೆ ಹೋಗಿ ಮತ್ತೆ ಬಂದು, ಸುಮಾರು 70,000 ಪದಗಳ ನಿಘಂಟನ್ನು 1894ರಲ್ಲಿ ಹೊರತಂದನು. ನಮ್ಮ ಶಿವಮೊಗ್ಗದಲ್ಲಿಯೂ ವೆಸ್ಲಿಯನ್ ಮಿಷನ್ನಿನವರು ಕೇಂದ್ರ ಹೂಡಿ ನಿಂತಿದ್ದರು. ಇವರನ್ನು ದೇವದೂತರೆಂದು ಹೊಗಳುವುದು ನನ್ನ ಉದ್ದೇಶವಲ್ಲ. ಅವರು ಬಂದದ್ದು ಕಂಪನಿಯ ಕೊಡೆಯ ನೆರಳಿನಲ್ಲಿ, ನಮ್ಮನ್ನು ತಿದ್ದಬೇಕೆಂಬ ನಿಶ್ಚಯದೊಡನೆ. ಆ ನಿಶ್ಚಯ ಎಷ್ಟರಮಟ್ಟಿಗೆ ಫಲಿಸಿತೆಂಬುದು ಬೇರೆ ಮಾತು. ಆದರೆ ಪುಟ್ಟನಿಗೂ ಅವರಿಗೂ ಇದ್ದ ಅಂತರವೇನೆಂದರೆ, ಹೇಳಲು ಬಂದವರು ಕೇಳುತ್ತ ಕೂರಬೇಕಾಯಿತು. ಜನರ ಬಾಯಿಯ ಗಾದೆಗಳು ಕಿಟ್ಟೆಲನ ಕೋಶದಲ್ಲಿ ಪದಗಳಿಗೆ ಸಾಕ್ಷಿಯಾಗಿ ನಿಂತದ್ದು ಹಾಗೆ.

ಹತ್ತು ದಿನಗಳಲ್ಲಿ ಯಾರೂ ಕಿಟ್ಟೆಲ್ ಆಗಲಾರರು. ಹಾಗಾದರೆ ಅಲ್ಪಕಾಲದ ಯಾತ್ರಿಕನಿಗೆ ಗಾದೆಯಿಂದ ಬಿಡುಗಡೆಯೇ ಇಲ್ಲವೆ? ಇದೆ, ಅದಕ್ಕೆ ದೃಷ್ಟಾಂತ ನಮ್ಮ ಜಿಲ್ಲೆಯ ಚರಿತ್ರೆಯಲ್ಲಿಯೇ ದೊರೆಯುತ್ತದೆ. ಇಟಲಿಯ ಪಿಯೆತ್ರೋ ದೆಲ್ಲಾ ವಾಲೆ, ಜೆರೂಸಲೇಮಿಗೆ ಹರಕೆ ಹೊತ್ತು ಹೊರಟು ತನ್ನನ್ನು ಯಾತ್ರಿಕನೆಂದೇ ಕರೆದುಕೊಂಡ ಕ್ಯಾಥೊಲಿಕ್ ಗೃಹಸ್ಥ, 1623ರ ನವೆಂಬರಿನಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿಯೊಡನೆ ಇಲ್ಲಿಯ ಅರಸ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಾಣಲು, ಗೇರುಸೊಪ್ಪೆಯ ಮಾರ್ಗವಾಗಿ ಘಟ್ಟ ಹತ್ತಿ, ಸಾಗರದ ಬಳಿಯ ಇಕ್ಕೇರಿಗೆ ಬಂದನು. ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ಅವನು ಕಂಡದ್ದು ಇದು: ನಾಲ್ಕು ಮಂದಿ ಹುಡುಗರು ನೆಲದ ಮೇಲೆ ನಯವಾದ ಮರಳನ್ನು ಹರಡಿಕೊಂಡು ಲೆಕ್ಕ ಕಲಿಯುತ್ತಿದ್ದಾರೆ, ಒಬ್ಬನು ಪಾಠವನ್ನು ರಾಗವಾಗಿ ಹೇಳುತ್ತ ಅಂಕಿಯನ್ನು ಬೆರಳಿನಿಂದ ಮರಳಿನಲ್ಲಿ ಬರೆಯುತ್ತಾನೆ, ಉಳಿದವರು ಅದನ್ನೇ ಹೇಳಿ ಬರೆಯುತ್ತಾರೆ, ಮರಳು ತುಂಬಿದರೆ ಅಳಿಸಿ ಮತ್ತೆ ಹರಡುತ್ತಾರೆ. ಉಪಾಧ್ಯಾಯನಿಲ್ಲ. ಯುರೋಪಿನಲ್ಲಿ ವಿದ್ಯೆ ಕಲಿತ ಆ ಗೃಹಸ್ಥನು, ಈ ಹುಡುಗರಿಗೆ ಕಾಗದ ತಂದುಕೊಡಬೇಕು, ಶಾಲೆ ಕಟ್ಟಿಸಬೇಕು ಎಂದು ಮರುಗಲಿಲ್ಲ. ಅವರ ಬಳಿ ನಿಂತು ಒಂದು ಪ್ರಶ್ನೆ ಕೇಳಿದನು: ನೀವೆಲ್ಲರೂ ಪಾಠವನ್ನು ಮರೆತರೆ ತಿದ್ದುವವರು ಯಾರು? ನಾಲ್ವರೂ ಒಂದೇ ಕಡೆ ಮರೆಯುವುದು ಅಸಂಭವ, ಒಬ್ಬನು ತಪ್ಪಿದರೆ ಇನ್ನೊಬ್ಬನು ತಿದ್ದುತ್ತಾನೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂದು ಹುಡುಗರು ಉತ್ತರಕೊಟ್ಟರು. ಅವರು ಹೇಳಿದ್ದು ಸರಿಯೆಂದು ಅವನು ಒಪ್ಪಿ, ಆ ಸಂಗತಿಯನ್ನು ತನ್ನ ಮಿತ್ರನಿಗೆ ಬರೆದ ಕಾಗದದಲ್ಲಿ ಸೇರಿಸಿದನು. ನಮ್ಮ ಮೂರ್ತಿಪೂಜೆಯ ವಿಷಯದಲ್ಲಿ ಅವನ ಮಾತು ಯಾವಾಗಲೂ ಇಷ್ಟು ಸಹನೆಯದಲ್ಲ, ನಿಜ. ಆದರೂ ಹದಿನೇಳನೆಯ ಶತಮಾನದ ಮಲೆನಾಡಿನ ಮಕ್ಕಳು ಹೇಗೆ ಕಲಿಯುತ್ತಿದ್ದರೆಂಬುದು ಇಂದು ನಮಗೆ ಇಷ್ಟು ಸ್ಪಷ್ಟವಾಗಿ ತಿಳಿದಿರುವುದು, ಕೆಲವೇ ವಾರಗಳಿದ್ದು ಹೋದ ಆ ಪರದೇಶಿಯ ಒಂದು ಪ್ರಶ್ನೆಯ ಪುಣ್ಯದಿಂದ. ಅವನೂ ಹೋದವನೇ, ಬಂದವನೇ. ಪುಟ್ಟನೆಂದು ಅವನನ್ನು ಯಾರೂ ಕರೆಯಲಾರರು.

ಈಗ ಯಾತ್ರೆಯ ದಿಕ್ಕನ್ನು ತಿರುಗಿಸಿ ನೋಡೋಣ. ಪರದೇಶದ ಸಭೆಯೊಂದರ ತಂಡ ಸೇವೆಗೆಂದು ಭದ್ರಾವತಿಗೇ ಬಂದಿತೆಂದು ಭಾವಿಸಿರಿ. ಅವರು ಬಹುಶಃ ಒಂದು ಶಾಲೆಯ ಗೋಡೆಗೆ ಬಣ್ಣ ಬಳಿದಾರು, ಅನಾಥಾಲಯದ ಮಕ್ಕಳನ್ನು ಎತ್ತಿ ಮುದ್ದಾಡಿ, ಆ ಮಕ್ಕಳು ಹೊಂದಿಕೊಳ್ಳುವ ಹೊತ್ತಿಗೆ ವಿಮಾನ ಹತ್ತಿಯಾರು. ಆದರೆ 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ನಿಂತುಹೋದ ಊರು ಇದು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ವಿಶ್ವೇಶ್ವರಯ್ಯನವರ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಟು, ಗುತ್ತಿಗೆ ಕಾರ್ಮಿಕರು ಧರಣಿ ಕುಳಿತ ಊರು ಇದು. ಬಣ್ಣ ಬಳಿಯುವ ಕೈಗಳಿಗೆ ಇಲ್ಲಿ ಬರವಿಲ್ಲ. ಆ ಕೈಗಳಿಗೆ ಕೂಲಿಯ ಬರ. ಬಂದವರು ಪುಕ್ಕಟೆಯಾಗಿ ಬಳಿದ ಒಂದೊಂದು ಗೋಡೆಯೂ ಇಲ್ಲಿಯ ಒಬ್ಬನ ಒಂದು ದಿನದ ಅನ್ನ. ಹೊರಗಿನವರು ಇಲ್ಲಿ ಉಪಯೋಗಕ್ಕೆ ಬಂದದ್ದೂ ಉಂಟು: ಆ ಕಬ್ಬಿಣದ ಕಾರ್ಖಾನೆಯನ್ನು ಕಟ್ಟುವಾಗ ಮೈಸೂರು ಸರ್ಕಾರದವರು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಸಂಸ್ಥೆಯ ಸಲಹೆ ಪಡೆದಿದ್ದರು. ಸಂಸ್ಥಾನದಲ್ಲಿ ಕಲ್ಲಿದ್ದಲಿಲ್ಲ, ಅದಿರಿದೆ, ಅರಣ್ಯವಿದೆ. ಸೌದೆಯ ಇದ್ದಲಿನಿಂದ ಕಬ್ಬಿಣ ತೆಗೆಯುವುದು ಹೇಗೆ ಎಂಬ ಪ್ರಶ್ನೆ ಇಲ್ಲಿಯದಾಗಿತ್ತು, ಹೊರಗಿನವರು ಬಂದದ್ದು ಆ ಪ್ರಶ್ನೆಗೆ ಉತ್ತರವಾಗಿ. ಕರೆಸಿಕೊಂಡವನಿಗೆ ಕೆಲಸವೇನೆಂಬುದನ್ನು ಕರೆದವನು ಹೇಳುತ್ತಾನೆ. ತಾನಾಗಿ ಹೊರಟವನು ಅದನ್ನು ದಾರಿಯಲ್ಲಿ ಕಲ್ಪಿಸಿಕೊಳ್ಳಬೇಕಾಗುತ್ತದೆ.

ಅಜ್ಜಿಯ ಮೊಮ್ಮಗನಿಗೂ ಅವನಂತಹ ಇತರರಿಗೂ ನಾನು ಹೇಳುವುದು ಇಷ್ಟೇ. ನೋಡಿಬರಬೇಕೆಂದಿದ್ದರೆ ನೋಡಲೆಂದೇ ಹೊರಡಿ, ಅದನ್ನು ಯಾತ್ರೆಯೆಂದೇ ಕರೆಯಿರಿ. ಅದರಲ್ಲಿ ಲಜ್ಜೆಪಡತಕ್ಕುದೇನೂ ಇಲ್ಲ, ಅದಕ್ಕಾಗಿ ಸಭೆಯ ಸೇವಾನಿಧಿಯಿಂದ ಹಣವನ್ನು ಮಾತ್ರ ಎತ್ತಬೇಡಿ. ಸೇವೆಯೇ ಉದ್ದೇಶವಾದರೆ, ಆ ಊರಿನ ಸಭೆಗೆ ಮೊದಲು ಒಂದು ಕಾಗದ ಬರೆದು ಅವರಿಗೆ ಬೇಕಾದದ್ದೇನೆಂದು ಕೇಳಿ. ನಮ್ಮ ಗಾರೆಯವನಿಗೆ ಕೂಲಿ ಕಳುಹಿಸಿ, ನೀವು ಬರುವುದು ಬೇಡ ಎಂದು ಅವರು ಬರೆದರೆ ಕೂಲಿಯನ್ನು ಕಳುಹಿಸಿ. ಉತ್ತರ ಬರುವ ತನಕ ಟಿಕೇಟು ಕೊಳ್ಳಬೇಡಿ.