ಅಂಗಳದ ಬಿಲದೊಳಗೆ ಯಾರು?

ಮಳೆ ಹಿಂದಾಗಿ ನೆಲ ಒಣಗತೊಡಗಿತೆಂದರೆ ಅಂಗಳದ ಬರಿಮಣ್ಣಿನಲ್ಲಿ, ಹೂಕುಂಡಗಳ ಸಂದಿಯಲ್ಲಿ ಪೆನ್ಸಿಲ್ ತೂರುವಷ್ಟು ಅಗಲದ ತೂತುಗಳು ಕಾಣಿಸಿಕೊಳ್ಳುತ್ತವೆ. ತೂತಿನ ಬಾಯಲ್ಲಿ ಉದುರು ಮಣ್ಣಿನ ಗುಪ್ಪೆ, ಅದರ ಮೇಲೆ ಸಣ್ಣ ಸೊಂಟದ ಕಣಜವೊಂದರ ಹಾರಾಟ. ಮನೆಯವರಿಗೆ ಮೊದಲು ನೆನಪಾಗುವುದು ಸೀಮೆಎಣ್ಣೆ, ಇಲ್ಲವೇ ಕುದಿಯುವ ನೀರು; ಅಂಗಡಿಯ ಇರುವೆ ಪುಡಿಯಾದರೂ ಆದೀತು. ಮಕ್ಕಳು ಆಡುವ ಜಾಗ, ಕುಟುಕಿಬಿಟ್ಟರೆ ಗತಿಯೇನು ಎಂಬ ಹೆದರಿಕೆ ಅದರ ಹಿಂದಿದೆ. ಹೆದರಿಕೆ ಸುಳ್ಳಲ್ಲ. ಆದರೆ ಒಳಗಿರುವುದು ಯಾರು ಎಂದು ನೋಡುವ ಮೊದಲೇ ಕೈ ಎಣ್ಣೆಯ ಡಬ್ಬಿಗೆ ಹೋಗುತ್ತದಲ್ಲ, ಧರ್ಮದ ಪ್ರಶ್ನೆ ಹುಟ್ಟುವುದು ಅಲ್ಲೇ.

ಈ ಪ್ರಶ್ನೆಯನ್ನು ಜೈನರಷ್ಟು ಸೂಕ್ಷ್ಮವಾಗಿ ಬಿಡಿಸಿ ನೋಡಿದವರು ಅಪರೂಪ. ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸುವ ಅವರ ಕ್ರಮದಲ್ಲಿ ಹುಳುವಿಗೆ ಎರಡು ಇಂದ್ರಿಯ, ಇರುವೆಗೆ ಮೂರು. ನೊಣ, ದುಂಬಿ, ಕಣಜಗಳಿಗೆ ನಾಲ್ಕು: ಸ್ಪರ್ಶ, ರುಚಿ, ವಾಸನೆ, ನೋಟ. ಬಿಲಕ್ಕೆ ಸುರಿದ ಸೀಮೆಎಣ್ಣೆ ಮಣ್ಣಿಗಿಳಿದರೆ ಈ ಮೂರೂ ವರ್ಗದ ಜೀವಗಳು ಒಟ್ಟಿಗೆ ಸಾಯುತ್ತವೆ. ದಿಗಂಬರ ಮುನಿಗಳು ಕೂರುವ ಮುನ್ನ ನವಿಲುಗರಿಯ ಪಿಂಛಿಯಿಂದ ನೆಲ ಸವರುವುದನ್ನು ಶ್ರವಣಬೆಳಗೊಳದಲ್ಲಿ ಈಗಲೂ ನೋಡಬಹುದು. ಗೃಹಸ್ಥನಿಗೆ ಅಷ್ಟು ಕಟ್ಟುನಿಟ್ಟಿಲ್ಲ. ಅವನ ಪಾಲಿನ ಹಿಂಸೆಯನ್ನು ನಾಲ್ಕಾಗಿ ಎಣಿಸಿದ್ದಾರೆ. ಬೇಕೆಂದೇ ಮಾಡುವುದು ಸಂಕಲ್ಪಿ. ಅಡುಗೆ, ಕಸ ಗುಡಿಸುವುದು ಮುಂತಾದ ಮನೆಗೆಲಸದಲ್ಲಿ ಆಗುವುದು ಆರಂಭಿ. ಬೇಸಾಯ, ಕಸುಬುಗಳಲ್ಲಿ ಆಗುವುದು ಉದ್ಯೋಗಿ. ಮೈಮೇಲೆ ಬಂದವರನ್ನು ಎದುರಿಸುವಾಗ ಆಗುವುದು ವಿರೋಧಿ. ಮೊದಲನೆಯದನ್ನು ಪೂರ್ತಿ ಬಿಡಬೇಕು, ಉಳಿದವನ್ನು ಆದಷ್ಟು ತಗ್ಗಿಸಬೇಕು.

ಎಣ್ಣೆ ಸುರಿಯುವವರು ತಮ್ಮದು ವಿರೋಧಿ ಹಿಂಸೆ ಎಂದೇ ಹೇಳಿಯಾರು. ಆದರೆ ಹಾಗೆನ್ನಲು ಎದುರಿಗೊಬ್ಬ ವಿರೋಧಿ ಇರಬೇಕು.

ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಲ್ಲಿ ತಪಸ್ಸು ಮಾಡಿದರೆಂದು ಪರಂಪರೆ ನಂಬುವ ಕುಂದಕುಂದಾಚಾರ್ಯರು ‘ಪ್ರವಚನಸಾರ’ದಲ್ಲಿ ಈ ವಿಷಯಕ್ಕೆ ನೇರವಾಗಿ ಬರುತ್ತಾರೆ. ಅವರ ಪ್ರಕಾರ ಎಚ್ಚರಗೇಡಿಯಾಗಿ ನಡೆಯುವವನಿಗೆ ಜೀವ ಸತ್ತರೂ ಬದುಕಿದರೂ ಹಿಂಸೆಯ ದೋಷ ನಿಶ್ಚಿತ. ಎಚ್ಚರದಿಂದ ನಡೆಯುವವನ ಕಾಲಡಿ ಜೀವವೊಂದು ಸತ್ತರೂ ಅಷ್ಟರಿಂದಲೇ ಕರ್ಮಬಂಧ ಆಗುವುದಿಲ್ಲ. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ವೂ ಹಿಂಸೆಯ ಲಕ್ಷಣ ಹೇಳುವಾಗ ಪ್ರಮಾದವನ್ನೇ, ಎಂದರೆ ಎಚ್ಚರಗೇಡಿತನವನ್ನೇ, ಮುಂದಿಡುತ್ತದೆ. ಅಹಿಂಸೆಯೆಂದರೆ ಮೆತ್ತಗಿನ ಮನಸ್ಸು ಎಂದುಕೊಂಡವರಿಗೆ ಇದು ಅನಿರೀಕ್ಷಿತ. ಇಲ್ಲಿ ಕೇಳುತ್ತಿರುವುದು ಕಣ್ಣು ತೆರೆದು ನೋಡುವ ಶ್ರಮವನ್ನು. ಅಂಗಳದಲ್ಲಿ ಆ ಶ್ರಮಕ್ಕೆ ಒಂದು ಬೆಳಗು ಸಾಕು.

ನೋಡಿದವರಿಗೆ ಕಾಣುವುದೇನು? ಒಂದು ಬಿಲಕ್ಕೆ ಒಂದೇ ಕಣಜ ಹೋಗಿಬರುತ್ತಿದ್ದರೆ ಅದು ಒಂಟಿಯಾಗಿ ಬದುಕುವ ಜಾತಿ. ಬಿಲ ತೋಡಿದ್ದು ಹೆಣ್ಣು. ಅದು ಮಿಡತೆಯನ್ನೋ ಚಿಮ್ಮಂಡೆಯನ್ನೋ ಕುಟುಕಿ ಕೈಕಾಲು ಆಡದಂತೆ ಮಾಡಿ, ಮೀಸೆ ಹಿಡಿದು ನೆಲದ ಮೇಲೆ ಎಳೆದು ತರುತ್ತದೆ. ಬೇಟೆಯನ್ನು ಬಾಗಿಲಲ್ಲಿಟ್ಟು ಒಳಹೋಗಿ ನೋಡಿಬಂದು, ಆಮೇಲೆ ಒಳಗೆಳೆದುಕೊಂಡು, ಅದರ ಮೇಲೆ ಮೊಟ್ಟೆಯಿಟ್ಟು ಬಿಲದ ಬಾಯನ್ನು ಮಣ್ಣಿನಿಂದ ಮುಚ್ಚುತ್ತದೆ. ಅಮೋಫಿಲಾ ಎಂಬ ಜಾತಿಯ ಕಣಜವೊಂದು ದವಡೆಯಲ್ಲಿ ಸಣ್ಣ ಕಲ್ಲು ಕಚ್ಚಿಕೊಂಡು ಆ ಮಣ್ಣನ್ನು ಕುಟ್ಟಿ ಗಟ್ಟಿ ಮಾಡಿದ್ದನ್ನು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಪೆಕ್‌ಹ್ಯಾಮ್ ದಂಪತಿ ಕಂಡು 1898ರ ತಮ್ಮ ಪುಸ್ತಕದಲ್ಲಿ ಬರೆದರು. ಈ ಒಂಟಿ ಕಣಜಗಳು ಗೂಡು ಕಾಯಲು ಮನುಷ್ಯರ ಮೇಲೆ ಬೀಳುವುದಿಲ್ಲ. ಕೈಯಲ್ಲಿ ಅಮುಕಿದರೆ, ಬರಿಗಾಲಲ್ಲಿ ತುಳಿದರೆ ಕುಟುಕಬಹುದು ಅಷ್ಟೆ. ನೆಲಮಟ್ಟದಲ್ಲಿ ಸುತ್ತುತ್ತ ಹೆದರಿಸುವ ಗಂಡುಗಳಿಗಂತೂ ಕೊಂಡಿಯೇ ಇಲ್ಲ. ಕೆಲವು ವಾರಗಳಲ್ಲಿ ಹಾರಾಟವೆಲ್ಲ ತಾನಾಗಿ ನಿಲ್ಲುತ್ತದೆ. ಒಣಗಿದ, ಸಡಿಲವಾದ, ಹುಲ್ಲಿಲ್ಲದ ನೆಲವೇ ಅವಕ್ಕೆ ಇಷ್ಟ. ಬಿಲ ತೋಡುವ ಮೊದಲೇ ಅಲ್ಲಿಗೆ ನೀರು ಬಿಟ್ಟು ಹುಲ್ಲು ಬೆಳೆಸಿದರೆ ಬೇರೆ ಜಾಗ ಹುಡುಕಿಕೊಳ್ಳುತ್ತವೆ.

ಇಷ್ಟಾದರೂ ಅದು ಬರಿಯ ಯಂತ್ರ, ಅದಕ್ಕೇಕೆ ಇಷ್ಟೊಂದು ಯೋಚನೆ ಎನ್ನುವವರಿದ್ದಾರೆ. ಅವರ ಮಾತಿಗೂ ಈ ಬಿಲದಿಂದಲೇ ಸಾಕ್ಷಿ ಸಿಕ್ಕಿತ್ತು. ಫ್ರಾನ್ಸಿನ ಕೀಟಪ್ರೇಮಿ ಜಾನ್ ಆನ್ರಿ ಫಾಬ್ರ್, ಸ್ಫೆಕ್ಸ್ ಎಂಬ ಒಂಟಿ ಕಣಜ ಬಾಗಿಲಲ್ಲಿಟ್ಟ ಚಿಮ್ಮಂಡೆಯನ್ನು ಅದು ಒಳಹೋದಾಗ ಸ್ವಲ್ಪ ದೂರ ಸರಿಸಿಟ್ಟ. ಹೊರಬಂದ ಕಣಜ ಅದನ್ನು ಮತ್ತೆ ಬಾಗಿಲಿಗೆ ತಂದಿಟ್ಟು ಮತ್ತೆ ಒಳಹೋಗಿ ಪರೀಕ್ಷಿಸಿತು. ಹೀಗೇ 40 ಸಲ! ಡೇನಿಯಲ್ ಡೆನೆಟ್‌ರಂಥ ತತ್ತ್ವಜ್ಞರು ಇದನ್ನು ಬುದ್ಧಿಯಿಲ್ಲದ ನಡವಳಿಕೆಯ ಮಾದರಿಯೆಂದೇ ಬಳಸಿದರು. ಆದರೆ ಫಾಬ್ರ್ ಇನ್ನೊಂದು ಸಂಗತಿಯನ್ನೂ ಬರೆದಿಟ್ಟಿದ್ದ. ಬೇರೊಂದು ಗುಂಪಿನ ಕಣಜಗಳು ಎರಡು ಮೂರು ಸಲ ಮೋಸಹೋದ ಮೇಲೆ ಪರೀಕ್ಷೆ ಬಿಟ್ಟು ಬೇಟೆಯನ್ನು ನೇರವಾಗಿ ಒಳಗೆಳೆದುಕೊಂಡವು. ತತ್ತ್ವಚರ್ಚೆಯಲ್ಲಿ ಮೊದಲ ಭಾಗ ಊರೂರು ಸುತ್ತಿತು, ಎರಡನೆಯದು ಪುಸ್ತಕದಲ್ಲೇ ಉಳಿಯಿತು. ನೋಡದೆ ತೀರ್ಮಾನಿಸುವ ಚಟ ಪಂಡಿತರನ್ನೂ ಬಿಟ್ಟಿಲ್ಲ ಎಂಬುದು ನೋವಿನ ಸಂಗತಿ.

ಇನ್ನೊಂದು ವಾದ ಕಣಜದ ಕ್ರೌರ್ಯದ್ದು. ಜೀವಂತ ಹುಳುವಿನ ದೇಹವನ್ನೇ ತಿಂದು ಬೆಳೆಯುವ ಇಕ್‌ನ್ಯೂಮನ್ ಕಣಜಗಳನ್ನು ಕರುಣಾಳುವಾದ ಸರ್ವಶಕ್ತ ದೇವರು ಉದ್ದೇಶಪೂರ್ವಕವಾಗಿ ಸೃಷ್ಟಿಸಿದನೆಂದು ನಂಬಲಾರೆ ಎಂದು ಚಾರ್ಲ್ಸ್ ಡಾರ್ವಿನ್ 1860ರ ಮೇ 22ರಂದು ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಪತ್ರ ಬರೆದ. ಹುಳುವನ್ನು ಗೂಡಿಗೆ ತರುವ ಕಣಜವನ್ನು ನಮ್ಮವರು ಕಂಡದ್ದು ಬೇರೆ ಬಗೆಯಲ್ಲಿ. ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿ ಅವಧೂತ ಯದುರಾಜನಿಗೆ ಹೇಳುವ 24 ಗುರುಗಳ ಸಾಲಿನಲ್ಲಿ ಕಣಜವೂ ಇದೆ. ಗೂಡಿನಲ್ಲಿ ಸೆರೆಯಾದ ಹುಳು ಭಯದಿಂದ ಅದನ್ನೇ ಧ್ಯಾನಿಸಿ ಕಣಜವೇ ಆಗಿಬಿಡುತ್ತದೆಂಬ ನಂಬಿಕೆ, ಧ್ಯಾನಿಸಿದ್ದೇ ಆಗುವ ಜೀವಕ್ಕೆ ದೃಷ್ಟಾಂತವಾಯಿತು. ಕೀಟಭ್ರಮರ ನ್ಯಾಯವೆಂದು ಅದ್ವೈತಿಗಳ ಗ್ರಂಥಗಳಲ್ಲೂ, ಕೀಡಿ–ಕುಂಡಲಿಯೆಂದು ವಚನಗಳಲ್ಲೂ ಅದು ಬರುತ್ತದೆ. ನಿಜದಲ್ಲಿ ಹುಳು ಬದಲಾಗುವುದಿಲ್ಲ, ಆಹಾರವಾಗುತ್ತದೆ. ಕಣಜದ ಒಂದೇ ಬಗೆಯ ಬೇಟೆ ಒಬ್ಬರಿಗೆ ದೇವರ ಮೇಲಿನ ಅನುಮಾನವನ್ನೂ ಇನ್ನೊಬ್ಬರಿಗೆ ಮೋಕ್ಷದ ಭರವಸೆಯನ್ನೂ ಕೊಟ್ಟಿತು. ಎರಡರಿಂದಲೂ ಅದರ ಬಿಲವನ್ನು ಸುಡುವ ಅಧಿಕಾರ ಯಾರಿಗೂ ಹುಟ್ಟುವುದಿಲ್ಲ. ಮಿಡತೆಯ ಪರವಾಗಿ ನ್ಯಾಯ ಹೇಳಲು ಸೀಮೆಎಣ್ಣೆ ಹಿಡಿದವರು ಯಾರೂ ಇಲ್ಲ.

ಒಂದೇ ತೂತಿನಿಂದ ಕಣಜಗಳು ಎಡೆಬಿಡದೆ ಹೊರಟು ಬರುತ್ತಿದ್ದರೆ ಮಾತು ಬೇರೆ. ಅದು ರಾಣಿ, ಕೆಲಸಗಾರರಿರುವ ಸಂಸಾರ. ನಮ್ಮಲ್ಲಿ ಹಳದಿ ಪಟ್ಟೆಯ ದೊಡ್ಡ ಕಡಜ ಮರದ ಪೊಟರೆಯಲ್ಲಿ ಗೂಡು ಕಟ್ಟುವಂತೆ ನೆಲದ ಪೊಳ್ಳಿನಲ್ಲೂ ಕಟ್ಟುತ್ತದೆ. ನೆಲದ ಅದುರು ತಟ್ಟಿದರೂ ಸಾಕು, ಎರಗುತ್ತವೆ. ಜೇನಿನಂತೆ ಕೊಂಡಿ ಕಳೆದುಕೊಳ್ಳದೆ ಒಂದೊಂದೂ ಹಲವು ಸಲ ಕುಟುಕುತ್ತದೆ. ಅಲರ್ಜಿ ಇರುವವರಿಗೆ ಒಂದೇ ಕುಟುಕೂ ಪ್ರಾಣಕ್ಕೆ ಎರವಾದೀತು. ಇಂಗ್ಲೆಂಡ್, ಅಮೆರಿಕದ ಚಳಿ ಸೀಮೆಗಳಲ್ಲಾದರೆ ಇಂಥ ನೆಲಗೂಡಿನ ಹಳೆಯ ರಾಣಿ, ಕೆಲಸಗಾರರೆಲ್ಲ ಚಳಿಗಾಲದ ಹೊತ್ತಿಗೆ ಸತ್ತು ಗೂಡು ಬರಿದಾಗುತ್ತದೆ. ದಾರಿಗೆ ಅಡ್ಡವಿಲ್ಲದಿದ್ದರೆ ಬೇಲಿ ಕಟ್ಟಿ ಕಾಯಬಹುದು. ಬೆಚ್ಚಗಿನ ನಮ್ಮ ಸೀಮೆಯಲ್ಲಿ ಆ ಭರವಸೆ ಇಲ್ಲ.

ಶಾಲೆಯ ಕಾಲುದಾರಿಯಲ್ಲೋ ಬಾವಿಕಟ್ಟೆಯ ಬಳಿಯೋ ಅಂಥ ಗೂಡಿದ್ದರೆ, ಅನುಭವವಿದ್ದವರನ್ನು ಕರೆಸಿ, ಕತ್ತಲಾಗಿ ಕಡಜಗಳೆಲ್ಲ ಒಳಸೇರಿದ ಮೇಲೆ ತೆಗೆಸುವುದೇ ಸರಿ. ಮಕ್ಕಳ ಜೀವವನ್ನು ಪಣಕ್ಕಿಟ್ಟು ಪಾಲಿಸುವ ಅಹಿಂಸೆಯನ್ನು ಜೈನ ಗೃಹಸ್ಥನ ಶ್ರಾವಕಧರ್ಮ ಕೇಳುವುದಿಲ್ಲ. ಆದರೆ ವಿರೋಧಿ ಹಿಂಸೆ ಅನಿವಾರ್ಯವೆಂದು ಒಪ್ಪಿದ ಆಚಾರ್ಯರು ಅದನ್ನು ನಿರ್ದೋಷವೆಂದು ಕರೆಯಲಿಲ್ಲ. ಪ್ರತಿಕ್ರಮಣಕ್ಕೆ, ಎಂದರೆ ತಪ್ಪೊಪ್ಪಿಗೆಯ ವಿಧಿಗೆ, ಕುಳಿತ ಗೃಹಸ್ಥ ತನ್ನಿಂದ ನೊಂದ ಒಂದಿಂದ್ರಿಯದಿಂದ ಐದಿಂದ್ರಿಯದವರೆಗಿನ ಜೀವಗಳಲ್ಲಿ ಕ್ಷಮೆ ಬೇಡುವಾಗ, ಆ ರಾತ್ರಿಯ ಗೂಡೂ ಅದರಲ್ಲಿ ಸೇರುತ್ತದೆ. ನೋಡದೆ ಮುಚ್ಚಿದ ಒಂಟಿ ಬಿಲಗಳಂತೂ ಸೇರಲೇಬೇಕು.