ಕತ್ತಲೆಗಾಗಿ ದೇಶಾಂತರ

ಹುಟ್ಟಿದ ನೆಲವನ್ನು ಬಿಟ್ಟು ಹೋಗುವುದಕ್ಕೆ ಲೋಕವು ಒಪ್ಪಿರುವ ಕಾರಣಗಳು ಕೆಲವುಂಟು. ಅನ್ನವು ಒಂದು, ವಿದ್ಯೆಯು ಒಂದು. ವಿವಾಹ, ತೀರ್ಥಯಾತ್ರೆ, ಕ್ಷಾಮ, ರಾಜಭಯ ಇವು ಬೇರೆ ಕೆಲವು. ಇವುಗಳಲ್ಲಿ ಯಾವುದನ್ನು ಹೇಳಿದರೂ ನೆರೆಹೊರೆಯವರು ತಲೆದೂಗಿ ಬೀಳ್ಕೊಡುವರು. ಆದರೆ ಒಬ್ಬನು ಎದ್ದು, “ನಾನು ಕತ್ತಲೆಯನ್ನರಸಿ ಹೋಗುತ್ತೇನೆ” ಎಂದರೆ, ಬೆಳಕನ್ನೇ ಬೇಡಿ ಪ್ರಾರ್ಥಿಸಲು ಕಲಿತಿರುವ ನಾವು ಅವನ ಬುದ್ಧಿಯ ವಿಷಯದಲ್ಲಿಯೇ ಸಂದೇಹಪಟ್ಟೇವು. ಹಾಗಿದ್ದರೂ ಅಂಥವರು ಇಂದು ಲೋಕದಲ್ಲಿ ಉಂಟು. ಯೂರೋಪು, ಉತ್ತರ ಅಮೆರಿಕಗಳ ನಗರಗಳಲ್ಲಿ ಬಾಳುತ್ತ, ದೂರದರ್ಶಕಕ್ಕೆ ಛಾಯಾಯಂತ್ರವನ್ನು ಹೊಂದಿಸಿ ನಕ್ಷತ್ರಗಳ ಚಿತ್ರವನ್ನು ತೆಗೆಯುವ ಅಭಿರುಚಿಯುಳ್ಳ ಕೆಲವರು, ತಮ್ಮ ಮೇಲಣ ಆಕಾಶವು ದೀಪಗಳ ಪ್ರಭೆಯಿಂದ ಕೆಟ್ಟಿತೆಂದು ಬೇಸತ್ತು, ಚಿಲಿ, ನಮೀಬಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡು ಮುಂತಾದ ದಕ್ಷಿಣಾರ್ಧಗೋಳದ ನಾಡುಗಳಿಗೆ ಹೋಗಿ ನೆಲಸುವ ಆಲೋಚನೆ ಮಾಡುತ್ತಾರೆ. ಇದು ಧರ್ಮಸಮ್ಮತವಾದ ಪ್ರಯಾಣವೆ, ಅಥವಾ ವೈರಾಗ್ಯದ ವೇಷವನ್ನು ತೊಟ್ಟ ಭೋಗಾಪೇಕ್ಷೆಯೆ ಎಂಬುದು ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವ ಪ್ರಶ್ನೆ.

ಮೊದಲು ದಕ್ಷಿಣದ ಆಕಾಶದಲ್ಲಿರುವ ವಿಶೇಷವೇನೆಂಬುದನ್ನು ತಿಳಿಯತಕ್ಕದ್ದು. ಲಂಡನ್ ನಗರವು 51½ ಅಂಶದ ಉತ್ತರ ಅಕ್ಷಾಂಶದಲ್ಲಿದೆ. ಆದಕಾರಣ ಖಗೋಳದ ವಿಷುವದ್ವೃತ್ತದಿಂದ ಸುಮಾರು 38½ ಅಂಶಕ್ಕೂ ಹೆಚ್ಚು ದಕ್ಷಿಣಕ್ಕಿರುವ ಯಾವ ನಕ್ಷತ್ರವೂ ಅಲ್ಲಿಯವರಿಗೆ ಉದಯಿಸುವುದೇ ಇಲ್ಲ. ಅಗಸ್ತ್ಯನಿಲ್ಲ, ತ್ರಿಶಂಕುವಿಲ್ಲ, ಮೆಗೆಲನ್ ಮೇಘಗಳೆಂದು ಹೆಸರಾದ ಎರಡು ನೆರೆಯ ನಕ್ಷತ್ರಲೋಕಗಳಿಲ್ಲ. ನಮ್ಮ ಆಕಾಶಗಂಗೆಯ ನಡುಭಾಗವು ಅಲ್ಲಿ ದಿಗಂತದಿಂದ ಹತ್ತು ಅಂಶದಷ್ಟು ಮೇಲೇರುವುದೂ ಕಷ್ಟ. ಆಫ್ರಿಕದ ಕೇಪ್‌ಟೌನಿನಲ್ಲಿಯೋ ಅದು ನೆತ್ತಿಯ ಸಮೀಪಕ್ಕೆ ಬರುತ್ತದೆ. ನಾವು ಕನ್ನಡಿಗರು ಈ ವಿಷಯದಲ್ಲಿ ನಡುವಣವರು. ಅಗಸ್ತ್ಯನೂ ತ್ರಿಶಂಕುವೂ ಆಯಾ ಕಾಲದಲ್ಲಿ ನಮ್ಮ ತೆಂಕಣ ದಿಗಂತದ ಮೇಲೆ ಬಂದು ದರ್ಶನವೀಯುತ್ತಾರೆ. ಮೆಗೆಲನ್ ಮೇಘಗಳು ಮಾತ್ರ ಅಂಚಿನಲ್ಲಿ ತಲೆಯೆತ್ತಿ ಮಂಜಿನಲ್ಲಿಯೇ ಮುಳುಗುತ್ತವೆ. ಉತ್ತರದಿಂದ ದಕ್ಷಿಣಕ್ಕೆ ಹೋದವನಿಗೆ ಚಂದ್ರನ ಕಲಂಕವೂ ಮಹಾವ್ಯಾಧನ ಆಕಾರವೂ ತಲೆಕೆಳಗಾಗಿ ತೋರುತ್ತವೆ. ವಿಶ್ವಾಮಿತ್ರನು ದಕ್ಷಿಣ ದಿಕ್ಕಿನಲ್ಲಿ ಬೇರೊಂದು ನಕ್ಷತ್ರಮಾಲೆಯನ್ನು ಸೃಷ್ಟಿಸಿದ ಕಥೆಯಲ್ಲಿ ತಲೆಕೆಳಗಾಗಿ ನಿಂತವನು ತ್ರಿಶಂಕು. ಇಲ್ಲಿ ನೋಡಹೋದವನೇ ತ್ರಿಶಂಕುವಾಗುತ್ತಾನೆ.

ಹೀಗಿರುವಲ್ಲಿ ಆಕಾಶವನ್ನು ಮರೆಸುವ ಆವರಣಗಳು ಎರಡು ಬಗೆಯವೆಂದು ಹೇಳಬಹುದು. ಒಂದು ಭೂಮಿಯ ಆವರಣ: ಗೋಳವಾಗಿರುವುದರಿಂದ ಭೂಮಿಯೇ ಅರ್ಧ ಆಕಾಶವನ್ನು ತನ್ನ ಬೆನ್ನಿನ ಹಿಂದೆ ಇಟ್ಟುಕೊಂಡಿದೆ. ಇದನ್ನು ನಡೆದುಹೋಗಿಯೇ ದಾಟಬೇಕು, ಬೇರೆ ಉಪಾಯವಿಲ್ಲ. ಎರಡನೆಯದು ದೀಪದ ಆವರಣ: ಇದನ್ನು ಎಳೆದವರು ನಾವೇ, ತೆಗೆಯಬೇಕಾದವರೂ ನಾವೇ. ಹೊರಟುನಿಂತವನು ಈ ಎರಡರಲ್ಲಿ ಯಾವುದನ್ನು ದಾಟಹೊರಟಿದ್ದಾನೆ ಎಂಬುದರ ಮೇಲೆ ಅವನ ಪ್ರಯಾಣದ ಗುಣದೋಷಗಳು ನಿಂತಿವೆ ಎಂದು ನಮಗೆ ತೋರುತ್ತದೆ.

ಮೊದಲನೆಯ ಆವರಣವನ್ನು ದಾಟಿದವರಿಗೆ ಜಾನ್ ಹರ್ಷೆಲನು ಒಳ್ಳೆಯ ನಿದರ್ಶನ. ಈತನ ತಂದೆ ವಿಲಿಯಂ ಹರ್ಷೆಲನು 1781ರಲ್ಲಿ ಯುರೇನಸ್ ಗ್ರಹವನ್ನು ಕಂಡುಹಿಡಿದವನು. ಆತನೂ ಆತನ ತಂಗಿ ಕ್ಯಾರೊಲಿನಳೂ ಇಂಗ್ಲೆಂಡಿನಲ್ಲಿ ವರ್ಷಾನುಗಟ್ಟಲೆ ರಾತ್ರಿಗಳನ್ನು ಕಳೆದು, ಅಲ್ಲಿಗೆ ಕಾಣುವಷ್ಟು ಆಕಾಶವನ್ನು ಪಟ್ಟಿಪಟ್ಟಿಯಾಗಿ ಶೋಧಿಸಿ, ಸುಮಾರು 2,500 ನೀಹಾರಿಕೆಗಳನ್ನೂ ನಕ್ಷತ್ರಗುಚ್ಛಗಳನ್ನೂ ಬರೆದಿಟ್ಟಿದ್ದರು. ದಿಗಂತದ ಕೆಳಗಿನ ಭಾಗವು ಬರಿದಾಗಿ ಉಳಿದಿತ್ತು. ತಂದೆಯು 1822ರಲ್ಲಿ ತೀರಿಕೊಂಡನು. ಉಳಿದುದನ್ನು ಮುಗಿಸುವುದು ಮಗನ ಪಾಲಿಗೆ ಬಂದಿತು. ಆದರೆ ತಾಯಿಯು ಬದುಕಿರುವ ವರೆಗೆ ಜಾನನು ಹೊರಡಲಿಲ್ಲ. 1832ರ ಜನವರಿಯಲ್ಲಿ ಆಕೆಯು ತೀರಿಕೊಂಡ ಮೇಲೆ, ಹ್ಯಾನೋವರಿಗೆ ಹಿಂದಿರುಗಿ ನೆಲಸಿದ್ದ ವೃದ್ಧೆಯಾದ ಸೋದರತ್ತೆಯನ್ನು ಹೋಗಿ ಕಂಡು ಬಂದು, 1833ರ ನವೆಂಬರಿನಲ್ಲಿ ಹೆಂಡತಿಯನ್ನೂ ಮೂವರು ಮಕ್ಕಳನ್ನೂ ಕರೆದುಕೊಂಡು ಹಡಗನ್ನೇರಿದನು. ಖರ್ಚೆಲ್ಲವೂ ಆತನ ಸ್ವಂತದ್ದು. ಜೊತೆಯಲ್ಲಿ ಇಪ್ಪತ್ತಡಿಯ ದೂರದರ್ಶಕವೂ ಅದಕ್ಕೆ ಬೇಕಾದ ಲೋಹದ ದರ್ಪಣಗಳೂ ಇದ್ದುವು. ಅವುಗಳಲ್ಲೊಂದು ತಂದೆಯ ಕೈಯಿಂದಲೇ ಆದುದು.

ಕೇಪ್‌ಟೌನಿನ ಹೊರಗೆ ಕ್ಲೇರ್‌ಮಾಂಟಿನಲ್ಲಿ ಫೆಲ್ಡ್‌ಹೌಸನ್ ಎಂಬ ತೋಟದ ಮನೆಯಲ್ಲಿ ಈತನು ನಾಲ್ಕು ವರ್ಷವಿದ್ದು, 1,700ಕ್ಕೆ ಮೇಲ್ಪಟ್ಟ ನೀಹಾರಿಕೆಗಳನ್ನೂ ಗುಚ್ಛಗಳನ್ನೂ, 2,100ಕ್ಕೆ ಮೇಲ್ಪಟ್ಟ ಯಮಳ ನಕ್ಷತ್ರಗಳನ್ನೂ ಲೆಕ್ಕಕ್ಕೆ ತಂದನು. ಹ್ಯಾನೋವರಿನ ಅತ್ತೆಯು, ವೃಶ್ಚಿಕ ರಾಶಿಯ ಕಡೆಯಲ್ಲಿ ಚೆನ್ನಾಗಿ ಹುಡುಕಿ ನೋಡೆಂದು ಅಲ್ಲಿಗೂ ಕಾಗದ ಬರೆದಳು. ಆತನು ನೋಡಿ ಉತ್ತರ ಬರೆದನು. ಆ ನಾಡು ಆಗ ಆಂಗ್ಲರ ಅಧೀನದಲ್ಲಿತ್ತು. ಅಲ್ಲಿಯ ಗುಲಾಮರ ಬಿಡುಗಡೆಯು ಜಾರಿಗೆ ಬಂದುದೇ ಆತನು ಬಂದಿಳಿದ ವರ್ಷವಾದ 1834ರ ಡಿಸೆಂಬರಿನಲ್ಲಿ. ಅಂಥ ನೆಲದಲ್ಲಿ ಪರದೇಶದ ಗೃಹಸ್ಥನೊಬ್ಬನು ನಕ್ಷತ್ರಗಳನ್ನು ಮಾತ್ರ ನೋಡಿಕೊಂಡು ಹಿಂದಿರುಗಿದ್ದರೆ ನಾವು ಆಕ್ಷೇಪಿಸಬಹುದಾಗಿತ್ತು. ಈತನಾದರೋ ಅಲ್ಲಿಯ ಸಾರ್ವಜನಿಕ ವಿದ್ಯಾಭ್ಯಾಸದ ವ್ಯವಸ್ಥೆಯನ್ನು ಕುರಿತು ಶ್ರದ್ಧೆಯಿಂದ ಆಲೋಚಿಸಿ ಅಧಿಕಾರಿಗಳಿಗೆ ಸಲಹೆಗಳನ್ನಿತ್ತನು. 1839ರಲ್ಲಿ ಅಲ್ಲಿ ಏರ್ಪಟ್ಟ ಶಾಲೆಗಳ ಕ್ರಮಕ್ಕೆ ಅವು ನೆರವಾದುವು. 1838ರಲ್ಲಿ ಊರಿಗೆ ಮರಳಿ, ಒಂಬತ್ತು ವರ್ಷ ಲೆಕ್ಕಗಳನ್ನು ಮಾಡಿ, 1847ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ತೊಂಬತ್ತೇಳು ವರ್ಷದ ಕ್ಯಾರೊಲಿನಳ ಕೈಗೆ ಆ ಗ್ರಂಥವು ತಲುಪಿತು. ಅಣ್ಣನೊಡನೆ ತಾನು ಆರಂಭಿಸಿದ ಕೆಲಸವು ಪೂರ್ತಿಯಾದುದನ್ನು ಕಂಡು, ಮರುವರ್ಷ ಆಕೆ ಕಣ್ಣು ಮುಚ್ಚಿದಳು. ಪಿತೃಋಣವೆಂಬುದು ನಮ್ಮ ಮಾತು. ಆದರೆ ಅದನ್ನು ತೀರಿಸುವ ಬಗೆಗೆ ಇದಕ್ಕಿಂತ ಚೆನ್ನಾದ ದೃಷ್ಟಾಂತವನ್ನು ನಾವು ಕಾಣೆವು.

ಹರ್ಷೆಲನು ಕಂಡುದು ಕಣ್ಣಿನಿಂದ, ಬರೆದುದು ಕೈಯಿಂದ. ಛಾಯಾಚಿತ್ರದ ಕಲೆಯು ಲೋಕಕ್ಕೆ ಪ್ರಕಟವಾದುದು ಆತನು ಹಿಂದಿರುಗಿದ ಮೇಲೆ, 1839ರಲ್ಲಿ. ಚಿತ್ರವು ಮಾಸದಂತೆ ನಿಲ್ಲಿಸುವ ಹೈಪೋ ಲವಣದ ಗುಣವನ್ನು ಮೊದಲು ಕಂಡವನೂ ಆತನೇ. ಆ ಕಲೆಯು ದಕ್ಷಿಣದ ಆಕಾಶಕ್ಕೆ ಉಪಯೋಗವಾದುದು ಡೇವಿಡ್ ಗಿಲ್ಲನಿಂದ. ಕೇಪಿನ ವೇಧಶಾಲೆಯ ಅಧಿಪತಿಯಾಗಿದ್ದ ಈತನು 1882ರ ಮಹಾ ಧೂಮಕೇತುವಿನ ಛಾಯಾಚಿತ್ರವನ್ನು ತೆಗೆಯಿಸಿದಾಗ, ಧೂಮಕೇತುವಿನ ಹಿಂದೆ ಎಣಿಕೆಯಿಲ್ಲದ ನಕ್ಷತ್ರಗಳು ಮೂಡಿದುದನ್ನು ಕಂಡು, ದಕ್ಷಿಣದ ಆಕಾಶವನ್ನೆಲ್ಲ ಹೀಗೆಯೇ ಫಲಕಗಳ ಮೇಲೆ ಹಿಡಿಯಲು ನಿಶ್ಚಯಿಸಿದನು. ಫಲಕಗಳೇನೋ ಸಿದ್ಧವಾದುವು, ಅಳೆಯುವವರಾರು? ಹಾಲೆಂಡಿನ ಗ್ರೋನಿಂಗನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದು, ತನ್ನದೆಂಬ ವೇಧಶಾಲೆಯೇ ಇಲ್ಲದ ಕಾಪ್ಟೈನನು ಆ ಭಾರವನ್ನು ತಾನಾಗಿ ಹೊತ್ತು, ಹತ್ತು ವರ್ಷಗಳಿಗೂ ಮೇಲ್ಪಟ್ಟು ದುಡಿದು, 4,54,875 ನಕ್ಷತ್ರಗಳ ಸ್ಥಾನವನ್ನು ನಿರ್ಣಯಿಸಿದನು. ಒಬ್ಬನು ಕತ್ತಲೆಯಿರುವಲ್ಲಿ ಇದ್ದನು, ಇನ್ನೊಬ್ಬನು ಮನೆಯಲ್ಲಿಯೇ ಉಳಿದನು. ಕಾಣ್ಕೆಯು ಇಬ್ಬರಿಗೂ ಸೇರಿತು. ದೂರದ ಆಕಾಶವನ್ನು ಕಾಣಲು ಎಲ್ಲರೂ ಊರು ಬಿಡಬೇಕಾಗಿಲ್ಲ. ಹೋದವನು ತಾನು ಕಂಡುದನ್ನು ಉಳಿದವನಿಗೆ ಕಳುಹಿಸಿದರೆ ಸಾಕು.

ಇನ್ನು ದೀಪದ ಆವರಣದ ವಿಚಾರ. ಜನಸಾಮಾನ್ಯರು 2011ರಿಂದ 2022ರ ವರೆಗೆ ಮಾಡಿದ ನಕ್ಷತ್ರವೀಕ್ಷಣೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಲೇಖನವೊಂದು, ಇರುಳಿನ ಆಕಾಶದ ಹೊಳಪು ವರ್ಷಕ್ಕೆ ಸರಾಸರಿ ನೂರಕ್ಕೆ 9.6ರಂತೆ ಏರುತ್ತಿರುವುದಾಗಿ ತಿಳಿಸಿತು. ಈ ಗತಿಯಲ್ಲಿ, ಹುಟ್ಟಿದಾಗ 250 ನಕ್ಷತ್ರಗಳು ಕಾಣುವ ಸ್ಥಳದಲ್ಲಿ ಮಗುವಿಗೆ ಹದಿನೆಂಟು ತುಂಬುವಾಗ 100 ಮಾತ್ರ ಕಂಡಾವು. ದೊಡ್ಡ ಮೆಗೆಲನ್ ಮೇಘದಿಂದ ಹೊರಟ ಕಿರಣವು ಸುಮಾರು 1,60,000 ವರ್ಷ ಪ್ರಯಾಣ ಮಾಡಿ ಭೂಮಿಯನ್ನು ಮುಟ್ಟುತ್ತದೆ. ಅಷ್ಟು ದೂರದಿಂದ ಬಂದ ಅತಿಥಿಗೆ ಕೊನೆಯ ಗಳಿಗೆಯಲ್ಲಿ ಬೀದಿದೀಪವು ಬಾಗಿಲು ಮುಚ್ಚುವುದೆಂದರೆ ಅದು ಗೃಹಸ್ಥಧರ್ಮಕ್ಕೆ ಕುಂದಲ್ಲವೆ?

ಇದಕ್ಕೆ ಅಂಜಿ ಓಡಿದವರ ಚರಿತ್ರೆಯೂ ಸಣ್ಣದಲ್ಲ. ಲಂಡನ್ನಿನ ಹೊಗೆಯಿಂದಲೂ ದೀಪಗಳಿಂದಲೂ ಗ್ರೀನಿಚ್ ವೇಧಶಾಲೆಯವರು ಎರಡನೆಯ ಮಹಾಯುದ್ಧದ ತರುವಾಯ ಸಸೆಕ್ಸ್ ಪ್ರಾಂತದ ಹಳ್ಳಿಗಾಡಿಗೆ ತೆರಳಬೇಕಾಯಿತು. ಹರ್ಷೆಲನೂ ಗಿಲ್ಲನೂ ಅರಸಿ ಹೋದ ಕೇಪ್‌ಟೌನಿಗೇ ಅದೇ ಗತಿ ಬಂದಿತು. ಆ ನಗರವೂ ಜೊಹಾನ್ಸ್‌ಬರ್ಗೂ ಬೆಳೆದು ಬೆಳಗಿದ ಮೇಲೆ, 1972ರಲ್ಲಿ ದಕ್ಷಿಣ ಆಫ್ರಿಕದ ಹೊಸ ವೇಧಶಾಲೆಯು ಏರ್ಪಟ್ಟು, ಅಲ್ಲಿಯ ದೂರದರ್ಶಕಗಳು ಕಾರೂ ಎಂಬ ಒಣನಾಡಿನ ಸದರ್‌ಲೆಂಡಿಗೆ ಸಾಗಿದುವು. ಕತ್ತಲೆಯನ್ನರಸಿ ಹೋದವನ ಹಿಂದೆಯೇ ದೀಪವೂ ಹೋಗುತ್ತದೆ. ಇಂದು ಹೋಗಿ ಮನೆ ಕಟ್ಟಿದವನ ಮಗನು ನಾಳೆ ಮತ್ತೆ ಗಂಟುಮೂಟೆ ಕಟ್ಟಬೇಕಾದೀತು.

ಇಲ್ಲಿ ಪೂರ್ವಪಕ್ಷವೊಂದುಂಟು, ಅದನ್ನು ತಳ್ಳಿಹಾಕುವಂತಿಲ್ಲ. “ಆಯುಸ್ಸು ಅಲ್ಪ. ಕಣ್ಣು ಮಂಜಾಗುವುದಕ್ಕೆ ಮುಂಚೆ ನಾನು ಆಕಾಶಗಂಗೆಯನ್ನು ನೋಡಬೇಕು. ನಗರದ ಲಕ್ಷ ದೀಪಗಳನ್ನು ಆರಿಸುವುದು ನನ್ನೊಬ್ಬನಿಂದಾದೀತೆ? ನಾನು ಯಾರಿಗೂ ಕೇಡು ಮಾಡದೆ, ನನ್ನ ಹಣದಿಂದ, ನನ್ನ ಪಾಡಿಗೆ ಹೋಗುವುದರಲ್ಲಿ ತಪ್ಪೇನು?” ಎಂದು ಒಬ್ಬನು ಕೇಳಿದರೆ, ತಪ್ಪೆಂದು ನಾವು ಹೇಳಲಾರೆವು. ಅರವತ್ತು ದಾಟಿದವರಿಗೆ ಈ ಮಾತಿನ ತೂಕವು ಚೆನ್ನಾಗಿ ಗೊತ್ತು. ಆದರೆ ಒಂದಂಶವನ್ನು ಅವನು ಮರೆತಿದ್ದಾನೆ. ಊರಿನ ಕತ್ತಲೆಯು ಹೋಯಿತೆಂದು ಮರುಗುವವರು ಸಾವಿರಕ್ಕೊಬ್ಬರು. ಮಿಕ್ಕವರಿಗೆ ಕಳೆದುಕೊಂಡ ಅರಿವೇ ಇಲ್ಲ. ಅರಿತ ಒಬ್ಬನೂ ಎದ್ದು ಹೋದರೆ ಆ ಊರಿನಲ್ಲಿ ಆಕಾಶದ ಪರವಾಗಿ ಬಾಯಿ ಬಿಡುವವರು ಯಾರು? ಕೆರೆಯ ನೀರು ಕೆಟ್ಟಿತೆಂದು ತಿಳಿದ ವೈದ್ಯನು ಯಾರಿಗೂ ಹೇಳದೆ ಬೇರೆ ಊರಿಗೆ ಹೋದಂತೆ ಇದು. ಅವನು ಯಾರಿಗೂ ವಿಷವಿಕ್ಕಲಿಲ್ಲವೆಂಬುದು ನಿಜ. ಆದರೂ ಅವನು ನಿರ್ದೋಷಿಯೆಂದು ನಮ್ಮ ಮನಸ್ಸು ಒಪ್ಪುವುದಿಲ್ಲ.

ಅಷ್ಟೇ ಅಲ್ಲದೆ, ಕೆಟ್ಟ ಕೆರೆಯನ್ನು ಶುದ್ಧಮಾಡುವುದಕ್ಕೆ ವರ್ಷಗಳು ಬೇಕು. ಕಡಿದ ಕಾಡು ಬೆಳೆಯುವುದಕ್ಕೆ ತಲೆಮಾರುಗಳು ಬೇಕು. ಕತ್ತಲೆಯಾದರೋ ದೀಪಕ್ಕೆ ಮರೆಕಟ್ಟಿದ ಕ್ಷಣದಲ್ಲಿಯೇ ಹಿಂದಿರುಗುತ್ತದೆ. ದೀಪವನ್ನು ನಂದಿಸಬೇಕೆಂದೂ ಇಲ್ಲ. ಬೆಳಕು ನೆಲಕ್ಕೆ ಬೀಳುವಂತೆಯೂ ಮೇಲಕ್ಕೆ ಚೆಲ್ಲದಂತೆಯೂ ಮಾಡಿದರೆ ನಡೆಯುವವನಿಗೆ ಹಾದಿಯೂ ನೋಡುವವನಿಗೆ ನಕ್ಷತ್ರವೂ ಉಳಿಯುತ್ತದೆ. ಅಮೆರಿಕದ ಅರಿಜೋನಾ ಪ್ರಾಂತದ ಫ್ಲ್ಯಾಗ್‌ಸ್ಟಾಫ್ ಪಟ್ಟಣದವರು ತಮ್ಮಲ್ಲಿರುವ ವೇಧಶಾಲೆಗಳ ಹಿತಕ್ಕಾಗಿ 1958ರಲ್ಲಿಯೇ ಜಾಹೀರಾತಿನ ಶೋಧಕದೀಪಗಳನ್ನು ನಿಷೇಧಿಸಿ, ಕ್ರಮೇಣ ಬೇರೆ ನಿಬಂಧನೆಗಳನ್ನೂ ತಂದರು. 2001ರಲ್ಲಿ ಕತ್ತಲಾಕಾಶದ ನಗರವೆಂದು ಲೋಕದಲ್ಲಿ ಮೊದಲು ಮನ್ನಣೆ ಪಡೆದುದು ಆ ಪಟ್ಟಣವೇ. ನಮ್ಮ ಭರತಖಂಡದಲ್ಲಿಯೂ ಲಡಾಖಿನ ಹಾನ್ಲೆಯ ಸುತ್ತಣ ಪ್ರದೇಶವನ್ನು 2022ರಲ್ಲಿ ಕತ್ತಲಾಕಾಶದ ರಕ್ಷಿತಕ್ಷೇತ್ರವೆಂದು ಗೊತ್ತುಪಡಿಸಲಾಯಿತು. ಅಲ್ಲಿಯ ಹಳ್ಳಿಗರು ತಮ್ಮ ದೀಪಗಳಿಗೆ ಮರೆಕಟ್ಟಿ ಅದನ್ನು ಕಾಯುತ್ತಾರೆ.

ಹಾನ್ಲೆಯ ಹೆಸರು ಬಂದುದರಿಂದ ಇನ್ನೊಂದು ಮಾತು. ಸುಮಾರು 4,500 ಮೀಟರು ಎತ್ತರದಲ್ಲಿ ಅಲ್ಲಿರುವ ಎರಡು ಮೀಟರಿನ ದೂರದರ್ಶಕವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ನಮ್ಮ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಯಿಸುತ್ತಾರೆ. ಹಾಗೆಯೇ ಉತ್ತರ ದೇಶಗಳ ಅನೇಕ ಹವ್ಯಾಸಿಗಳು ತಮ್ಮ ಉಪಕರಣಗಳನ್ನು ಚಿಲಿಯ ಬೆಟ್ಟಗಳಲ್ಲಿಟ್ಟು ಮನೆಯಿಂದಲೇ ಚಿತ್ರ ತೆಗೆಯುತ್ತಾರೆ. ದೇಹವು ಮನೆಯಲ್ಲಿದ್ದು ಕಣ್ಣು ಮಾತ್ರ ದೇಶಾಂತರ ಹೋಗುವ ಕಾಲವಿದು. “ಚಿತ್ರ ಬರಬಹುದು, ಆ ಇರುಳಿನ ಕೆಳಗೆ ನಿಂತ ಅನುಭವ ಬಾರದಲ್ಲ” ಎಂದರೆ ಅದು ನಿಜ. ಯಾತ್ರಿಕನಾಗಿ ಹೋಗಿ ಆ ಅನುಭವವನ್ನು ಪಡೆದು ಬರಲಿ. ಯಾತ್ರೆಗೂ ವಲಸೆಗೂ ಭೇದವುಂಟು: ಯಾತ್ರಿಕನು ತೀರ್ಥವನ್ನು ಮನೆಗೆ ತರುತ್ತಾನೆ.

ಆದಕಾರಣ ನಮ್ಮ ಸಿದ್ಧಾಂತವಿಷ್ಟು. ಭೂಮಿಯ ಆವರಣವನ್ನು ದಾಟಲು ಹೊರಟವನು ಧನ್ಯನು. ಅವನು ಮೂರು ಋಣಗಳನ್ನು ನೆನೆದರೆ ಸಾಕು: ಹಿಂದೆ ಉಳಿದವರ ಋಣ, ಸೇರಿದ ನೆಲದ ಋಣ, ಕಂಡುದನ್ನು ಕಾಣದವರಿಗೆ ತಲುಪಿಸುವ ಋಣ. ಹರ್ಷೆಲನು ತಾಯಿಯ ಸಲುವಾಗಿ ಕಾದುದರಿಂದಲೂ, ಕೇಪಿನ ಶಾಲೆಗಳನ್ನು ಕುರಿತು ಚಿಂತಿಸಿದುದರಿಂದಲೂ, ಗ್ರಂಥವನ್ನು ಬರೆದುದರಿಂದಲೂ ಈ ಮೂರನ್ನೂ ತೀರಿಸಿದನು. ದೀಪದ ಆವರಣಕ್ಕೆ ಬೇಸತ್ತು ಹೊರಟವನಿಗೆ ಮಾತ್ರ ನಾಲ್ಕನೆಯದೊಂದು ಋಣವುಂಟು. ಅವನು ಹೊರಡುವ ಮುನ್ನ ತನ್ನ ಮನೆಯ ದೀಪಕ್ಕೆ ಮರೆಕಟ್ಟಿರಬೇಕು, ನೆರೆಯವನೊಡನೆ ಒಂದು ಮಾತಾದರೂ ಆಡಿರಬೇಕು, ಬೀದಿಯ ಮಕ್ಕಳಿಗೆ ಉಳಿದಿರುವ ನಾಲ್ಕು ನಕ್ಷತ್ರಗಳನ್ನಾದರೂ ತೋರಿಸಿರಬೇಕು. ಅಷ್ಟನ್ನು ಮಾಡಿ ಸೋತು ಹೋದವನನ್ನು ನಾವು ಗೌರವಿಸುತ್ತೇವೆ. ಮಾಡದೆ ಹೋದವನು ಎಷ್ಟು ಸುಂದರವಾದ ಚಿತ್ರಗಳನ್ನು ತೆಗೆದರೂ ಅವನ ಲೆಕ್ಕದಲ್ಲಿ ಒಂದು ಬಾಕಿ ಉಳಿದೇ ಇರುತ್ತದೆ.

ಫೆಲ್ಡ್‌ಹೌಸನಿನಲ್ಲಿ ಹರ್ಷೆಲನ ದೂರದರ್ಶಕವು ನಿಂತಿದ್ದ ಸ್ಥಳದಲ್ಲಿ ಆತನ ಮಿತ್ರರು ನಿಲ್ಲಿಸಿದ ಕಲ್ಲಿನ ಸ್ತಂಭವೊಂದು ಇಂದಿಗೂ ಇದೆ. ಅದರ ಸುತ್ತ ಈಗ ಇರುವುದು ಮಕ್ಕಳ ಪ್ರಾಥಮಿಕ ಶಾಲೆ. ಶಾಲೆಯ ಸುತ್ತ ಇರುವುದು ದೊಡ್ಡ ನಗರ. ಆತನು ಸಮುದ್ರವನ್ನು ದಾಟಿ ಬಂದು ಕಂಡ ಇರುಳು ಆ ಅಂಗಳದ ಮೇಲೆ ಈಗಿಲ್ಲ. ಆ ಮಕ್ಕಳು ನೆತ್ತಿಯ ಮೇಲಣ ಆಕಾಶಗಂಗೆಯನ್ನು ನೋಡುವುದಕ್ಕಾಗಿ ಎಲ್ಲಿಗೆ ಹೋಗಬೇಕು? ಅವರು ಈಗಾಗಲೇ ದಕ್ಷಿಣಾರ್ಧಗೋಳದಲ್ಲಿಯೇ ಇದ್ದಾರೆ.